ವೀಣೆಗೂ ಹುಣಸೆಹಣ್ಣೇ?

ಮೊನ್ನೆ ಭದ್ರಾವತಿಯ ನೆಂಟರ ಮನೆಗೆ ಹುಡುಗಿ ನೋಡಲು ಬರುವವರಿದ್ದರು. ವರ್ಷಗಳಿಂದ ಗವಸು ತೆಗೆಯದ ವೀಣೆಯ ಹಿತ್ತಾಳೆ ಮೆಟ್ಟಿಲುಗಳನ್ನು ದೇವರ ದೀಪದಂತೆ ಹುಣಸೆಹಣ್ಣು ಹಾಕಿ ತಿಕ್ಕಿ, ತೊಳೆದು, ಬಿಸಿಲಿಗಿಟ್ಟಿದ್ದರು! ಆ 24 ಮೆಟ್ಟಿಲುಗಳು ನಿಂತಿರುವುದು ಇದ್ದಿಲ ಪುಡಿ ಬೆರೆಸಿದ ಜೇನುಮೇಣದ ಮೇಲೆ. ಬಿಸಿಲಿಗೆ ಮೇಣ ಮೆತ್ತಗಾಗುತ್ತದೆ; ಮೆಟ್ಟಿಲು ಕೂದಲೆಳೆಯಷ್ಟು ಜರುಗಿದರೂ ಸ್ವರ ತಪ್ಪುತ್ತದೆ. ಮರಕ್ಕೆ ನೀರೂ ಆಗದು.

ನನ್ನ ತಕರಾರು ಹುಣಸೆಹಣ್ಣಿನ ಮೇಲಲ್ಲ. ನೋಡುವವರ ಕಣ್ಣಿಗೆ ಹೊಳೆದರೆ ಸಾಕು, ನುಡಿಯದಿದ್ದರೂ ನಡೆಯುತ್ತದೆ ಎನ್ನುವ ಬುದ್ಧಿಯ ಮೇಲೆ. ಹುಡುಗಿಯರ ವಿಷಯದಲ್ಲೂ ನಾವು ಮಾಡುವುದು ಇದನ್ನೇ ಅಲ್ಲವೆ? ಮದುವೆಯಾಗಿ ಶಿವಮೊಗ್ಗಕ್ಕೆ ಬಂದ ಮೇಲೆ ನನ್ನ ವೀಣೆ ಹನ್ನೊಂದು ವರ್ಷ ಅಟ್ಟದಲ್ಲಿ ಮಲಗಿತ್ತು. ಯಾರೂ ಬೇಡವೆನ್ನಲಿಲ್ಲ, ಅಟ್ಟಕ್ಕೇರಿಸಿದವಳು ನಾನೇ. ಇಳಿಸಿದಾಗ ಮೇಣವೆಲ್ಲ ಬಿರುಕು ಬಿಟ್ಟಿತ್ತು. ಹೊಸದಾಗಿ ಮೇಳ ಕಟ್ಟಿಸಬೇಕಾಯಿತು.

ವೀಣೆ ಕೇಳುವುದಾದರೂ ಎಷ್ಟು? ನುಡಿಸಿದ ಮೇಲೆ ಬೆವರು ಒರೆಸಲು ಒಣ ಹತ್ತಿಬಟ್ಟೆ, ಮೆಟ್ಟಿಲ ಸಂದಿಯ ಧೂಳಿಗೆ ಮೆತ್ತನೆಯ ಕುಂಚ, ತಂತಿಯ ಮೇಲೆ ಜಾರುವ ಬೆರಳಿಗೆ ತೊಟ್ಟು ಕೊಬ್ಬರಿ ಎಣ್ಣೆ. ಜೊತೆಗೆ ದಿನಕ್ಕೆ ಅರ್ಧ ಗಂಟೆ ಬಿಡುವು. ಅಷ್ಟನ್ನೂ ಕೊಡಲಾರದ ಮನೆಗೆ ವೀಣೆಯನ್ನೂ ಕಳಿಸಬೇಡಿ, ಮಗಳನ್ನೂ ಕಳಿಸಬೇಡಿ.