ಒಂದು ಅಕ್ಷರ ತಪ್ಪಿದರೆ ಒಬ್ಬ ಶಿಕ್ಷಕ ಹೋದಾನು



ನನ್ನ ವರ್ಗದ ಒಬ್ಬ ಹುಡುಗಿಯ ಹೆಸರು ಮಾಳವ್ವ ಎಂದಿಟ್ಟುಕೊಳ್ಳಿ. ದಿನಾಲೂ ಶಾಲೆಗೆ ಬರುತ್ತಾಳೆ, ಮಗ್ಗಿ ತಪ್ಪದೆ ಹೇಳುತ್ತಾಳೆ. ಆದರೆ ಗಣಕಯಂತ್ರದ ಲೆಕ್ಕದಲ್ಲಿ ಬಹಳ ದಿನ ಅವಳು ಇರಲೇ ಇಲ್ಲ. ಶಾಲೆಯ ಜನರಲ್ ರಜಿಸ್ಟರಿನಲ್ಲಿ ಮಾಳವ್ವ. ಆಧಾರ್ ಕಾರ್ಡಿನಲ್ಲಿ ಅದೇ ಹೆಸರು ಇಂಗ್ಲಿಷಿಗೆ ಹೋಗಿ, ಅಲ್ಲಿಂದ ಮರಾಠಿಗೆ ತಿರುಗಿ ಮಲಾವಾ. ಎರಡೂ ತಾಳೆಯಾಗಲಿಲ್ಲ. ತಂದೆ ಕೂಲಿ ಬಿಟ್ಟು ಎರಡು ಸಲ ಜತ್ತಕ್ಕೆ ಅಲೆದರು.

ಒಂದು ಅಕ್ಷರಕ್ಕೆ ಇಷ್ಟು ಚಿಂತೆ ಏಕೆ ಎನ್ನುವಿರಾ? 2009ರ ಶಿಕ್ಷಣ ಹಕ್ಕು ಕಾಯ್ದೆಯ ಪರಿಶಿಷ್ಟದಲ್ಲಿ ಒಂದರಿಂದ ಐದನೆಯ ವರ್ಗದವರೆಗೆ 60 ಮಕ್ಕಳಿಗೆ ಇಬ್ಬರು ಶಿಕ್ಷಕರು, 61 ಆದರೆ ಮೂವರು. 2022-23ರ ಸಂಚಮಾನ್ಯತೆಗೆ ಆಧಾರ್ ತಾಳೆಯಾದ ಮಕ್ಕಳನ್ನಷ್ಟೇ ಎಣಿಸಲು ನಮ್ಮ ರಾಜ್ಯದ ಶಿಕ್ಷಣ ಇಲಾಖೆ ಹೊರಟಿತು. ಹೀಗೆ ಎಣಿಸಿದರೆ ಒಂದು ಹೆಸರು ಬಿದ್ದಲ್ಲಿ ಒಬ್ಬ ಶಿಕ್ಷಕನ ಹುದ್ದೆಯೇ ಬೀಳಬಹುದು. ಕನ್ನಡ ಶಾಲೆಯಲ್ಲಿ ಹೋದ ಶಿಕ್ಷಕ ಮರಳಿ ಸಿಗುವುದು ಕಷ್ಟ. ಶಿಕ್ಷಕರಿಲ್ಲವೆಂದು ನಾಲ್ಕು ಮಕ್ಕಳು ಬೇರೆ ಮಾಧ್ಯಮಕ್ಕೆ ಹೋದರೆ ಇನ್ನೊಂದು ಹುದ್ದೆಗೂ ಕುತ್ತು.

ಯಂತ್ರವನ್ನು ನಾನು ದೂರುವುದಿಲ್ಲ. ತಪ್ಪು ಅದನ್ನು ತರುವ ಮೊದಲು ಕೇಳಬೇಕಾದವರನ್ನು ಕೇಳದ ನಿರ್ಣಯದ್ದು. 2015ರಲ್ಲಿ ಸರಲ್ ಬಂತು, ಆಮೇಲೆ ಯುಡೈಸ್ ಪ್ಲಸ್, ಈಗ 12 ಅಂಕಿಗಳ ಅಪಾರ್. ಅದೇ ಹೆಸರು, ಅದೇ ಜನ್ಮತಾರೀಖು ಮತ್ತೆ ಮತ್ತೆ ತುಂಬಬೇಕು. ಕಾಗದದ ಕೆಲಸವೂ ತಪ್ಪಲಿಲ್ಲ. ಕಲಿಸುವ ವೇಳೆ ಅದಕ್ಕೇ ಹೋಗುತ್ತದೆ. ಕನ್ನಡದ ಎ-ಏ, ಒ-ಓ ಭೇದವನ್ನು ಮರಾಠಿ ಬರವಣಿಗೆ ತೋರಿಸುವುದಿಲ್ಲ, ಇಂಗ್ಲಿಷಿನಲ್ಲಿ ಲ-ಳ ಒಂದೇ ಆಗುತ್ತವೆ ಎಂಬುದನ್ನು ಗಡಿಭಾಗದ ಯಾವ ಶಿಕ್ಷಕನಾದರೂ ಮೊದಲೇ ಹೇಳುತ್ತಿದ್ದ. ನೀರಿನ ಸೆಲೆ ನೋಡದೆ ಬಾವಿ ತೋಡಿದಂತಾಯಿತು.

ಯಂತ್ರ ಹೇಳಿದ್ದೇ ಖರೆ ಎಂದು ನಂಬಿದರೆ ಏನಾಗುತ್ತದೆ ಎಂಬುದಕ್ಕೆ ಬ್ರಿಟನ್ನಿನ ಅಂಚೆ ಕಛೇರಿಗಳನ್ನು ನೋಡಿರಿ. ಅಲ್ಲಿ 1999ರಿಂದ ಹೊರೈಜನ್ ಎಂಬ ಗಣಕ ವ್ಯವಸ್ಥೆ ಬಂತು. ಅದು ಇಲ್ಲದ ಕೊರತೆ ತೋರಿಸಿತು. ಮೇಲಿನವರು ಯಂತ್ರವನ್ನು ನಂಬಿದರು, ಅಂಚೆ ನಡೆಸುವವರನ್ನು ನಂಬಲಿಲ್ಲ. 900ಕ್ಕೂ ಹೆಚ್ಚು ಜನ ಅಪರಾಧಿಗಳೆನಿಸಿದರು, ಕೆಲವರು ಜೈಲು ಕಂಡರು. ಕೊನೆಗೆ 2024ರಲ್ಲಿ ಆ ಶಿಕ್ಷೆಗಳನ್ನು ರದ್ದುಮಾಡಲು ಪಾರ್ಲಿಮೆಂಟ್ ಕಾಯ್ದೆಯನ್ನೇ ಮಾಡಬೇಕಾಯಿತು.

ನಾವು ಅಷ್ಟು ವರ್ಷ ಕಾಯಬಾರದು. ಜನನ ದಾಖಲೆ, ಶಾಲೆಯ ರಜಿಸ್ಟರ್, ಆಧಾರ್ ಮೂರನ್ನೂ ಒಟ್ಟಿಗಿಟ್ಟು ಅಕ್ಷರ ಅಕ್ಷರ ನೋಡಿರಿ; ಓದು ಬಾರದಿದ್ದರೆ ನಮ್ಮಲ್ಲಿಗೆ ತನ್ನಿರಿ, ನಾಚಿಕೆ ಬೇಡ. ಶಾಲಾ ವ್ಯವಸ್ಥಾಪನ ಸಮಿತಿಯಲ್ಲಿ ಮುಕ್ಕಾಲು ಭಾಗ ಸದಸ್ಯರು ಪಾಲಕರೇ ಇರಬೇಕೆಂದು ಕಾಯ್ದೆಯಿದೆ. ಆ ಸಭೆಯಲ್ಲಿ ಠರಾವು ಮಾಡಿರಿ: ಮಕ್ಕಳನ್ನು ಹಾಜರಿ ನೋಡಿ ಎಣಿಸಬೇಕು, ಹೆಸರಿನ ಅಕ್ಷರಭೇದಕ್ಕೆ ಮುಖ್ಯಾಧ್ಯಾಪಕರ ಪ್ರಮಾಣಪತ್ರ ಸಾಕಾಗಬೇಕು, ಹೊಸ ವ್ಯವಸ್ಥೆ ತರುವ ಮೊದಲು ಕನ್ನಡ ಶಾಲೆಯ ಶಿಕ್ಷಕರನ್ನು ಕೇಳಬೇಕು.

ಭಾಷಿಕ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣದ ಅನುಕೂಲ ಒದಗಿಸಬೇಕೆಂದು ಸಂವಿಧಾನದ 350ಎ ಅನುಚ್ಛೇದ ಹೇಳುತ್ತದೆ. ಮಗುವಿನ ಹೆಸರನ್ನೇ ಸರಿಯಾಗಿ ಬರೆಯಲಾರದ ಯಂತ್ರಕ್ಕೆ ಅದರ ಶಾಲೆಯ ಭವಿಷ್ಯ ಒಪ್ಪಿಸುವುದು ಬೇಡ. ಕಣ್ಣೆದುರಿಗೆ ಕುಳಿತ ಮಾಳವ್ವನನ್ನು ಎಣಿಸಲು ಕಣ್ಣು ಸಾಕು.

— ಒಬ್ಬ ಕನ್ನಡ ಶಾಲಾ ಶಿಕ್ಷಕ, ಸೊರಡಿ, ತಾ. ಜತ್ತ