ಖಾಲಿ ಜಾಗ ಎನ್ನುವುದು ಯಾರ ಮಾತು?

'ಖಾಲಿ' ಎಂಬ ಪದದ ಮೇಲೆ ನನಗೆ ಈಚೆಗೆ ತುಂಬ ಸಿಟ್ಟು. ನಾವು ಹೆಂಗಸರು ಸಕ್ಕರೆ ಡಬ್ಬಿ ಖಾಲಿ, ಸಿಲಿಂಡರ್ ಖಾಲಿ ಎಂದು ದಿನಕ್ಕೆ ಹತ್ತು ಸಲ ಅನ್ನುತ್ತಲೇ ಇರುತ್ತೇವೆ. ಡಬ್ಬಿ ಖಾಲಿಯಾಯಿತು ಎಂದ ಮಾತ್ರಕ್ಕೆ ಪಕ್ಕದ ಬೀದಿಯವರು ಬಂದು ಅದನ್ನು ಎತ್ತಿಕೊಂಡು ಹೋಗುವುದಿಲ್ಲ. ಆದರೆ ಕಾರ್ಖಾನೆ ನಿಂತುಹೋದ ಊರಿನಲ್ಲಿ ಈ ಪದಕ್ಕೆ ಬೇರೆಯದೇ ಶಕ್ತಿ ಬಂದುಬಿಡುತ್ತದೆ. 'ಅಲ್ಲಿ ಖಾಲಿ ಜಾಗ ಬೇಕಾದಷ್ಟಿದೆ' ಎಂದು ದೊಡ್ಡವರೊಬ್ಬರು ಸಭೆಯಲ್ಲಿ ಅಂದರೆ ಸಾಕು, ಅಲ್ಲಿ ಒಲೆ ಹಚ್ಚಿ ಬದುಕುತ್ತಿರುವ ಜನರೆಲ್ಲ ಆ ಒಂದೇ ವಾಕ್ಯದಲ್ಲಿ ಮಾಯ.

ಭದ್ರಾವತಿಯನ್ನೇ ತೆಗೆದುಕೊಳ್ಳಿ. ನಾನು ಆ ಊರಿನವಳಲ್ಲ, ನನ್ನ ದೊಡ್ಡಕ್ಕನನ್ನು ಕೊಟ್ಟದ್ದು ಅಲ್ಲಿಗೆ. ಬೇಸಿಗೆ ರಜೆ ಬಂತೆಂದರೆ ನಾವು ತಂಗಿಯರೆಲ್ಲ ಅಕ್ಕನ ಕ್ವಾರ್ಟರ್ಸಿನಲ್ಲಿ ಬೀಡುಬಿಡುತ್ತಿದ್ದೆವು. ಸೈರನ್ ಕೂಗಿದರೆ ಅನ್ನಕ್ಕೆ ಇಡುವ ಹೊತ್ತು, ಮತ್ತೆ ಕೂಗಿದರೆ ಭಾವ ಬರುವ ಹೊತ್ತು. ಹಿತ್ತಲಲ್ಲಿ ಬಸಳೆ ಚಪ್ಪರ, ಮುಂದೆ ಕನಕಾಂಬರ. ಸರ್ಕಾರಿ ಮನೆಯೇ ಆದರೂ ಅದು ಅಕ್ಕನ ಮನೆಯೇ ಆಗಿತ್ತು.

ಒಂದು ಕಾಲಕ್ಕೆ ಬೆಂಕಿಪುರ ಎಂಬ ಸಣ್ಣ ಊರು ಅದು. ಮೈಸೂರು ಸಂಸ್ಥಾನ 1918ರಲ್ಲಿ ಅಲ್ಲಿ ಕಬ್ಬಿಣದ ಕಾರ್ಖಾನೆ ಕಟ್ಟಲು ಹೊರಟಿತು. 1923ರಲ್ಲಿ ಕಬ್ಬಿಣ ಹೊರಬಂತು. ಅದಿರು ಕೆಮ್ಮಣ್ಣುಗುಂಡಿಯದು, ಕಾಯಿಸಲು ಮಲೆನಾಡಿನ ಕಾಡಿನ ಇದ್ದಿಲು, ನೀರು ಭದ್ರೆಯದು, ಹಿಂದೆ ನಿಂತವರು ವಿಶ್ವೇಶ್ವರಯ್ಯನವರು. 1936ರಲ್ಲಿ ಕಾಗದದ ಕಾರ್ಖಾನೆಯೂ ಸ್ಥಾಪನೆಯಾಯಿತು. ನ್ಯೂಟೌನ್, ಕಾಗದನಗರ ಎಂದು ಬಡಾವಣೆಗಳ ಹೆಸರುಗಳೇ ಊರಿನ ಚರಿತ್ರೆ ಹೇಳುತ್ತವೆ. ನಿಮ್ಮ ಮನೆಗೆ ಬರುತ್ತಿದ್ದ ಕನ್ನಡ ಪತ್ರಿಕೆ ಎಷ್ಟೋ ದಿನ ಅಲ್ಲಿನ ಕಾಗದದ ಮೇಲೆಯೇ ಅಚ್ಚಾಗಿ ಬಂದಿರಬೇಕು.

ಈಗ? ಕಾಗದದ ಯಂತ್ರಗಳು 2015ರ ಸುಮಾರಿಗೆ ನಿಂತವು. ಕಬ್ಬಿಣ ಕಾರ್ಖಾನೆ 1989ರಲ್ಲಿ ಕೇಂದ್ರದ ಉಕ್ಕು ಪ್ರಾಧಿಕಾರದ ತೆಕ್ಕೆಗೆ ಹೋಯಿತು, 1998ರಲ್ಲಿ ಅದರಲ್ಲಿ ವಿಲೀನವಾಯಿತು. 2023ರ ಜನವರಿಯಲ್ಲಿ ಮುಚ್ಚುವ ತೀರ್ಮಾನ ಹೊರಬಿತ್ತು. ಗುತ್ತಿಗೆ ಕಾರ್ಮಿಕರು ಬೀದಿಯಲ್ಲಿ ಕೂತರು, ಊರೇ ಅವರ ಜೊತೆ ನಿಂತಿತು, ಅದೇ ವರ್ಷ ಒಂದಿಷ್ಟು ಕೆಲಸ ಮತ್ತೆ ಶುರುವಾಯಿತು. 2024ರಲ್ಲಿ ಕೇಂದ್ರ ಉಕ್ಕು ಸಚಿವರು ಬಂದು ಪುನಶ್ಚೇತನದ ಭರವಸೆ ಕೊಟ್ಟು ಹೋದರು. ಊರು ಮಾತ್ರ ಇದಕ್ಕೆಲ್ಲ ಮುಂಚೆಯೇ ಕರಗತೊಡಗಿತ್ತು. ಕರ್ನಾಟಕದ ಊರುಗಳೆಲ್ಲ ಉಬ್ಬುತ್ತಿದ್ದ ದಶಕದಲ್ಲಿ ಭದ್ರಾವತಿಯ ಜನಸಂಖ್ಯೆ ಇಳಿಯಿತು. 2001ರ ಜನಗಣತಿಯಲ್ಲಿ ಒಂದು ಲಕ್ಷ ಅರವತ್ತು ಸಾವಿರದಷ್ಟಿದ್ದದ್ದು 2011ಕ್ಕೆ ಒಂದು ಲಕ್ಷ ಐವತ್ತೊಂದು ಸಾವಿರದ ಆಸುಪಾಸಿಗೆ ಬಂತು.

ಈ ಊರಿನ ಜಮೀನಿನ ಬಗ್ಗೆ ಮಾತಾಡುವವರಲ್ಲಿ ಎರಡು ಪಂಗಡ. ಒಂದು ಪಂಗಡಕ್ಕೆ ಎಲ್ಲವನ್ನೂ ಸೈಟು ಮಾಡಿ ಹರಾಜು ಹಾಕುವ ಆತುರ. ಅವರನ್ನು ನಾನು ಅರ್ಥ ಮಾಡಿಕೊಳ್ಳಬಲ್ಲೆ, ಲಾಭ ಎಂಬುದು ಎಲ್ಲರಿಗೂ ಅರ್ಥವಾಗುವ ಭಾಷೆ. ನನ್ನ ತಕರಾರು ಹೆಚ್ಚಾಗಿ ಇನ್ನೊಂದು ಪಂಗಡದ ಮೇಲೆ. ಅವರು ಒಳ್ಳೆಯವರು, ಊರಿನ ಅಭಿಮಾನಿಗಳು. 'ಕಾರ್ಖಾನೆ ಮತ್ತೆ ಪೂರ್ತಿ ಶುರುವಾಗುವವರೆಗೆ ಒಂದು ಕಲ್ಲನ್ನೂ ಮುಟ್ಟಬೇಡಿ' ಎನ್ನುತ್ತಾರೆ. ಕಾರ್ಖಾನೆ ಶುರುವಾಗಲಿ ಸ್ವಾಮಿ, ಬೇಡ ಎಂದವರಾರು? ಶುರುವಾದ ದಿನ ನಾನೂ ಹೋಗಿ ತೆಂಗಿನಕಾಯಿ ಒಡೆದು ಬರುತ್ತೇನೆ. ಆದರೆ ಯಂತ್ರ ಕಾದರೂ ಮನೆ ಕಾಯುವುದಿಲ್ಲ. ಇದು ಸಭೆಯಲ್ಲಿ ಕೂತ ಗಂಡಸರಿಗೆ ತಿಳಿಯದ ಸಂಗತಿ, ಏಕೆಂದರೆ ಅವರಲ್ಲಿ ಬಹಳ ಮಂದಿ ಮನೆ ಗುಡಿಸಿದವರಲ್ಲ.

ಹೆಂಚಿನ ಮನೆಗೆ ಬೀಗ ಹಾಕಿ ಎರಡು ಮಳೆಗಾಲ ಬಿಟ್ಟು ನೋಡಿ. ಕೋತಿ ಓಡಾಡಿ ಒಂದು ಹೆಂಚು ಸರಿಯುತ್ತದೆ. ಒಳಗೆ ಜನರಿದ್ದರೆ ಆ ರಾತ್ರಿ ಕೆಳಗೊಂದು ಪಾತ್ರೆ ಇಟ್ಟು, ಬೆಳಿಗ್ಗೆ ಏಣಿ ಹಾಕಿಸಿ ಹೆಂಚು ಕೂರಿಸುತ್ತೇವೆ. ಜನರಿಲ್ಲದಿದ್ದರೆ ನೀರು ರೀಪಿಗೆ, ರೀಪಿನಿಂದ ಪಕಾಸಿಗೆ, ಅಲ್ಲಿಂದ ಗೋಡೆಗೆ. ಹಿಂದೆಯೇ ಗೆದ್ದಲು. ಅಂಗಳದಲ್ಲಿ ಎದೆಮಟ್ಟ ಕಾಂಗ್ರೆಸ್ ಗಿಡ. ಒಂದು ರಾತ್ರಿ ಕಿಟಕಿ ಹೋಗುತ್ತದೆ, ಇನ್ನೊಂದು ರಾತ್ರಿ ಬಾಗಿಲು, ಆಮೇಲೆ ವೈರು, ನಲ್ಲಿ, ಕೊನೆಗೆ ಕಕ್ಕಸಿನ ಬೇಸಿನ್ನು ಕೂಡ. ಆಮೇಲೆ ಯಾರೋ ಇಂಜಿನಿಯರು ಬಂದು 'ವಾಸಕ್ಕೆ ಯೋಗ್ಯವಲ್ಲ' ಎಂದು ಬರೆದುಕೊಂಡು ಹೋಗುತ್ತಾರೆ. ಅದನ್ನು ಅಯೋಗ್ಯ ಮಾಡಿದವರು ಯಾರು ಎಂಬ ಕಲಂ ಅವರ ನಮೂನೆಯಲ್ಲಿ ಇರುವುದಿಲ್ಲ.

ಬೀಗ ಬಿದ್ದ ಒಂದು ಮನೆ ಪಕ್ಕದ ಮನೆಯ ಧೈರ್ಯವನ್ನೂ ತಿನ್ನುತ್ತದೆ. ನಾನು ಆರು ವರ್ಷ ಕೆಲಸ ಮಾಡಿದ ಬಯಲುಸೀಮೆಯ ಒಂದು ಗಿರಣಿ ಊರಿನಲ್ಲಿ ಇದನ್ನು ಕಂಡೆ. ಊರಿನ ಹೆಸರು ಬೇಡ. ಗಿರಣಿ ನಿಂತ ಮೇಲೆ ಕೂಲಿ ಲೈನಿನಲ್ಲಿ ಮೂರನೇ ಒಂದು ಪಾಲು ಮನೆಗಳಿಗೆ ಬೀಗ. ಬೀದಿಯ ದೀಪಗಳು ಒಂದೊಂದಾಗಿ ಆರಿದವು. ಕೇಳಿದರೆ ಒಂದು ಕಛೇರಿಯವರು ಕಂಬ ನಮ್ಮದಲ್ಲ ಎಂದರು, ಇನ್ನೊಂದು ಕಛೇರಿಯವರು ಬಲ್ಬು ನಮ್ಮದಲ್ಲ ಎಂದರು. ನಾವು ಹತ್ತನೆಯ ತರಗತಿಯವರಿಗೆ ಸಂಜೆ ವಿಶೇಷ ತರಗತಿ ನಡೆಸುತ್ತಿದ್ದೆವು. ಆ ಚಳಿಗಾಲ ಏಳು ಹುಡುಗಿಯರು ಬರುವುದನ್ನು ನಿಲ್ಲಿಸಿದರು. ಅದರಲ್ಲಿ ಒಬ್ಬಳು ಲೆಕ್ಕದಲ್ಲಿ ಗಂಡುಹುಡುಗರ ಸೊಕ್ಕಿಳಿಸುವಂಥವಳು. ಮನೆಗೆ ಹೋಗಿ ಅವಳಪ್ಪನನ್ನು ಕೇಳಿದೆ. 'ಟೀಚರ್, ಓದು ಬ್ಯಾಡ ಅಂತಲ್ರೀ, ಆ ದಾರಿ ಬ್ಯಾಡ' ಎಂದರು. ಏನು ಉತ್ತರ ಕೊಡಲಿ? ಆ ದಾರಿಯಲ್ಲಿ ನಾನೇ ಸೆರಗು ಬಿಗಿ ಹಿಡಿದು, ಚಪ್ಪಲಿಯ ಸದ್ದು ಜೋರಾಗಿ ಮಾಡಿಕೊಂಡು ಬರುತ್ತಿದ್ದೆ.

ಹಾಗಾಗಿ ಖಾಲಿ ಜಾಗ ಎಂಬುದು ಕಂದಾಯದ ವಿಷಯ, ಕೋರ್ಟಿನ ವಿಷಯ, ನಮಗೇಕೆ ಎಂದುಕೊಳ್ಳಬೇಡಿ. ನಿಮ್ಮ ಮಗಳು ಎಷ್ಟು ಹೊತ್ತಿಗೆ ಮನೆ ಸೇರಬೇಕು ಎಂಬುದನ್ನು ಅದೇ ನಿರ್ಧರಿಸುತ್ತದೆ.

ಆ ಪದದ ಇನ್ನೊಂದು ಕರಾಮತ್ತು ಮುಂಬಯಿಯಲ್ಲಿ ನಡೆದಿದೆ. ಅಲ್ಲಿನ ಗಿರಣಗಾಂವ್‌ನಲ್ಲಿ ಬಟ್ಟೆ ಗಿರಣಿಗಳ ಜಮೀನು ಸುಮಾರು 600 ಎಕರೆ. 1982ರ ದೊಡ್ಡ ಮುಷ್ಕರದ ನಂತರ ಗಿರಣಿಗಳು ಸೊರಗಿದವು. 1991ರಲ್ಲಿ ಒಂದು ನಿಯಮ ಬಂತು. ಗಿರಣಿ ಜಮೀನನ್ನು ಹೊಸದಾಗಿ ಕಟ್ಟುವುದಾದರೆ ಸ್ಥೂಲವಾಗಿ ಮೂರರಲ್ಲೊಂದು ಪಾಲು ಊರಿನ ಬಯಲಿಗೆ, ಉದ್ಯಾನಕ್ಕೆ, ಇನ್ನೊಂದು ಪಾಲು ಸರ್ಕಾರ ಕಟ್ಟುವ ಮನೆಗಳಿಗೆ, ಉಳಿದದ್ದು ಮಾಲೀಕರಿಗೆ. ಕೇಳಲು ನ್ಯಾಯವಾಗಿದೆಯಲ್ಲವೇ? 2001ರಲ್ಲಿ ಅದನ್ನು ತಿದ್ದಿದರು. ಪಾಲು ಮಾಡಬೇಕಾದದ್ದು ಇಡೀ ಜಮೀನನ್ನಲ್ಲ, ಖಾಲಿ ಇರುವುದನ್ನು ಮಾತ್ರ! ಶೆಡ್ಡು ನಿಂತಿದ್ದ ನೆಲ ಲೆಕ್ಕಕ್ಕಿಲ್ಲ. ಗಿರಣಿಯೆಂದರೆ ಮುಕ್ಕಾಲು ಪಾಲು ಶೆಡ್ಡೇ ತಾನೇ? ಉಚ್ಚ ನ್ಯಾಯಾಲಯ 2005ರಲ್ಲಿ ಜನರ ಕಡೆ ತೀರ್ಪು ಕೊಟ್ಟರೂ 2006ರಲ್ಲಿ ಸುಪ್ರೀಂ ಕೋರ್ಟು ತಿದ್ದುಪಡಿಯನ್ನೇ ಎತ್ತಿಹಿಡಿಯಿತು. ಈಗ ಅಲ್ಲಿ ಮಾಲುಗಳೂ ಮುಗಿಲೆತ್ತರದ ಕಟ್ಟಡಗಳೂ ನಿಂತಿವೆ. ಜನರಿರುವ ಕಡೆ ಖಾಲಿ ಎನ್ನುತ್ತಾರೆ, ಜನರಿಗೆ ಕೊಡಬೇಕಾದಾಗ ಖಾಲಿಯಿಲ್ಲ ಎನ್ನುತ್ತಾರೆ.

ನಮ್ಮಲ್ಲೂ ಕಾರ್ಖಾನೆಯ ಜಮೀನಿಗೆ ಕಾರ್ಖಾನೆಗಿಂತ ಆಯುಸ್ಸು ಹೆಚ್ಚು. ಕಾಗದದ ಕಾರ್ಖಾನೆಗೆಂದು 1980ರಲ್ಲಿ 20 ಸಾವಿರ ಹೆಕ್ಟೇರಿನಷ್ಟು ಅರಣ್ಯ ಭೂಮಿಯನ್ನು 40 ವರ್ಷದ ಗುತ್ತಿಗೆಗೆ ಕೊಟ್ಟಿದ್ದರು. ಅವಧಿ ಮುಗಿದದ್ದು 2020ರಲ್ಲಿ. ಯಂತ್ರ ನಿಂತು ಐದು ವರ್ಷವಾಗಿತ್ತು. ಆದರೂ ಸರ್ಕಾರ ಮತ್ತೆ 40 ವರ್ಷಕ್ಕೆ ಮುಂದುವರಿಸಿತು, ಮಲೆನಾಡಿನವರು ನಮ್ಮೂರಿಗೆ ಅಕೇಶಿಯಾ ಬೇಡ ಎಂದು ಚಳವಳಿ ಹೂಡಿದರು. ನಿಂತ ಯಂತ್ರಕ್ಕೆ ನಲವತ್ತು ವರ್ಷದ ಕಾಗದ ಸಿಗುವುದಾದರೆ, ನಿವೃತ್ತನ ಹೆಂಡತಿಗೆ ತಾನು ಬಸಳೆ ಹಬ್ಬಿಸಿದ ಹಿತ್ತಲಿನಲ್ಲಿ ನಾಲ್ಕು ವರ್ಷ ನಿಶ್ಚಿಂತೆಯಾಗಿ ಇರಲು ಒಂದು ಕಾಗದ ಕೊಡಲು ಏನು ಕಷ್ಟ?

ಅಮೆರಿಕದ ಮಾತೆತ್ತಿದರೆ ಮೂಗು ಮುರಿಯುವವರಿದ್ದಾರೆ, ಆದರೂ ಡೆಟ್ರಾಯಿಟ್ ಬಗ್ಗೆ ಹೇಳಲೇಬೇಕು. ಮೋಟಾರು ಕಾರಿನ ಊರು ಅದು. 1950ರಲ್ಲಿ 18 ಲಕ್ಷಕ್ಕೂ ಮೀರಿದ ಜನ, 2020ರಲ್ಲಿ 6 ಲಕ್ಷ 39 ಸಾವಿರ. 2013ರಲ್ಲಿ ನಗರಾಡಳಿತವೇ ದಿವಾಳಿ ಎಂದು ಅರ್ಜಿ ಹಾಕಿತು. ಬೀದಿ ಬೀದಿಯೇ ಹಾಳು. ಅಲ್ಲಿಯೂ ಮೊದಲು ನೆಲಕ್ಕೆ ಕೈ ಹಾಕಿದವರು ಯಾರು ಗೊತ್ತೇ? ದಕ್ಷಿಣದ ಹಳ್ಳಿಗಳಿಂದ ಬಂದು ನೆಲೆಸಿದ್ದ ಕಪ್ಪು ಜನಾಂಗದ ಅಜ್ಜಿಯರು. ಬಿದ್ದ ಸೈಟುಗಳಲ್ಲಿ ಸೊಪ್ಪು ತರಕಾರಿ ಬೆಳೆದರು. ಚೀನಾದಿಂದ ವಲಸೆ ಬಂದವರ ಮಗಳು ಗ್ರೇಸ್ ಲೀ ಬಾಗ್ಸ್ ಗಂಡನ ಜೊತೆ ಸೇರಿ 1992ರಲ್ಲಿ ಊರಿನ ಹುಡುಗ ಹುಡುಗಿಯರನ್ನು ಇಂಥ ಕೆಲಸಕ್ಕೆ ಹಚ್ಚಿದರು. ಆಗ ಆಕೆಗೆ ಎಪ್ಪತ್ತೇಳು ವರ್ಷ. ನೂರು ತುಂಬಿದ ಮೇಲೆ 2015ರಲ್ಲಿ ತೀರಿಕೊಂಡರು. ಆಮೇಲೆ ಸರ್ಕಾರಕ್ಕೂ ಬುದ್ಧಿ ಬಂದು, ನಿಮ್ಮ ಮನೆಗೆ ಅಂಟಿದ ಖಾಲಿ ಸೈಟನ್ನು ನೀವೇ ನೂರು ಡಾಲರಿಗೆ ಕೊಳ್ಳಬಹುದು ಎಂಬ ಯೋಜನೆ ತಂದರು. ಡೆಟ್ರಾಯಿಟ್ ಇದರಿಂದ ಸ್ವರ್ಗವಾಗಲಿಲ್ಲ. ಒಬ್ಬ ಸಿರಿವಂತ ಉದ್ಯಮಿಗೆ ಮರ ಬೆಳೆಸಲೆಂದು ಒಂದೇ ಸಲಕ್ಕೆ ಸಾವಿರಕ್ಕೂ ಮೀರಿ ಸೈಟು ಮಾರಿದ್ದೂ ಉಂಟು, ಅದಕ್ಕೆ ಜನ ಜಗಳವಾಡಿದ್ದೂ ಉಂಟು. ಆದರೆ ಪಕ್ಕದ ಮನೆಯವರಿಗೆ ಮೊದಲು ಎಂಬ ಆ ಒಂದು ಮಾತು ನನಗೆ ಇಷ್ಟ.

ಎಲ್ಲ ನೆಲದಲ್ಲೂ ಹರಿವೆ ಸೊಪ್ಪು ಹಾಕಿಬಿಡಿ ಎಂದು ನಾನು ಹೇಳುತ್ತಿಲ್ಲ. ಕೋಲಾರದ ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು, ಸೈನೈಡಿನ ಮಣ್ಣಿನ ಗುಡ್ಡಗಳು ಉಳಿದವು. ಗಾಳಿ ಎದ್ದರೆ ಆ ಧೂಳು ಮನೆಗಳಿಗೆ ಬರುತ್ತದೆ. ಕಾರ್ಖಾನೆಯ ಒಳಗಿನ ನೆಲವನ್ನು ಮೊದಲು ಪರೀಕ್ಷೆ ಮಾಡಿಸಬೇಕು, ಮಾಡಿಸಿದ ವರದಿ ಊರಿನವರ ಕೈಗೆ ಕನ್ನಡದಲ್ಲಿ ಸಿಗಬೇಕು. ನಾನು ಕೇಳುವುದು ಕ್ವಾರ್ಟರ್ಸ್ ಲೈನುಗಳ ಬಗ್ಗೆ, ಅವುಗಳ ನಡುವಿನ ಬಯಲಿನ ಬಗ್ಗೆ. ಇರುವವರನ್ನು ಎಬ್ಬಿಸಬೇಡಿ. ರಿಪೇರಿ ಅವರದೇ ಎಂದು ಬರೆಸಿಕೊಂಡು, ಮನೆಯೊಡತಿಯ ಹೆಸರಿಗೆ ಗುತ್ತಿಗೆ ಕೊಡಿ. ಬೀಗ ಬಿದ್ದ ಮನೆ ಮುರಿಯುವ ಮುಂಚೆ ಪಕ್ಕದವರನ್ನು ಕೇಳಿ. ದೀಪ, ನೀರು, ಚರಂಡಿ ಕಾರ್ಖಾನೆ ನಿಂತ ದಿನವೇ ನಗರಸಭೆಗೆ ಸೇರಲಿ. ಹರಾಜು ಮಾಡಲೇಬೇಕೆಂದರೆ ಊರಿನ ಪಾಲು ಮೊದಲು ತೆಗೆದಿಡಿ, ಅದೂ ಇಡೀ ಜಮೀನಿನ ಲೆಕ್ಕದಲ್ಲಿ.

'ಒಮ್ಮೆ ಕೊಟ್ಟರೆ ಬಿಡುವುದಿಲ್ಲಮ್ಮ ಇವರು' ಎಂದು ಹೇಳುವವರಿಗೆ ಒಂದು ಮಾತು. ಕಾರ್ಖಾನೆ ನಿಜವಾಗಿ ಶುರುವಾಗಿ ಮಗನಿಗೆ ಕೆಲಸ ಸಿಗುತ್ತದೆ ಎಂದರೆ ಬಸಳೆ ಚಪ್ಪರ ತಾನೇ ಕಿತ್ತುಕೊಡುವ ತಾಯಂದಿರು ಬೇಕಾದಷ್ಟಿದ್ದಾರೆ. ಬಿಡದವರ ಪಟ್ಟಿ ಮಾಡುವುದಾದರೆ ಲೈನು ಮನೆಗಳಿಂದ ಶುರು ಮಾಡಬೇಡಿ.

ಮುಂದಿನ ಸಲ ನಿಮ್ಮ ಬಾಗಿಲಿಗೆ ಮತ ಕೇಳಲು ಬಂದವರಿಗೆ ಕಾಫಿ ಕೊಡಿ, ಬೇಡ ಎನ್ನುವುದಿಲ್ಲ. ಜೊತೆಗೆ ನಿಮ್ಮೂರಿನ ನಿಂತ ಗಿರಣಿಯ ನಕ್ಷೆ ಕೇಳಿ. ಯಾವ ಸರ್ವೆ ನಂಬರು, ಎಷ್ಟು ಎಕರೆ, ಯಾರ ಹೆಸರಿನಲ್ಲಿದೆ, ಎಷ್ಟು ಮನೆಯಲ್ಲಿ ಜನರಿದ್ದಾರೆ ಎಂದು. 'ಅಲ್ಲೆಲ್ಲ ಖಾಲಿ ಜಾಗ ಅಷ್ಟೇ ಅಮ್ಮ' ಎಂದರೆ, ಕೂರಿಸಿಕೊಂಡು ಮತ್ತೊಮ್ಮೆ ಕೇಳಿ.