ಬೆಂಗಳೂರಿಗೆ ಹೋದಾಗ ಮಕ್ಕಳೇ ಮಾತಾಡಲಿ

ಬೇಸಿಗೆ ರಜೆ ಬಂತು ಅಂದ್ರೆ ನಮ್ಮ ಲಾಸ್ ಏಂಜಲೀಸ್, ಸ್ಯಾನ್ ಡಿಯೇಗೋ ಕನ್ನಡ ಮನೆಗಳಲ್ಲಿ ಸೂಟ್‌ಕೇಸ್ ತೂಕ ನೋಡೋ ಗಡಿಬಿಡಿ. ಚಾಕಲೇಟ್ ಎಷ್ಟು, ಬಾದಾಮಿ ಎಷ್ಟು ಅಂತ ಲೆಕ್ಕ ಹಾಕುತ್ತೇವೆ. ಮಕ್ಕಳು ವರ್ಷವಿಡೀ ಕಲಿತ ಕನ್ನಡವನ್ನು ಮಾತ್ರ ಇಲ್ಲೇ ಬಿಟ್ಟು ಹೋಗುತ್ತೇವೆ.

ಬೆಂಗಳೂರಿನಲ್ಲಿ ಏರ್‌ಪೋರ್ಟಿಂದ ಮನೆಗೆ ಕಾರು, ಮನೆಯಿಂದ ಮಾಲ್‌ಗೆ ಕಾರು. ಅಂಗಡಿಯವರು ಇಂಗ್ಲಿಷಲ್ಲಿ ಕೇಳ್ತಾರೆ, ಮಕ್ಕಳು ಇಂಗ್ಲಿಷಲ್ಲೇ ಉತ್ತರ ಕೊಡ್ತಾರೆ. ಉಳಿದದ್ದಕ್ಕೆ ನಾವಿದ್ದೇವಲ್ಲ, ಅನುವಾದ ಮಾಡೋಕೆ! ಇಲ್ಲಿ ನಮಗೆ ವಾರಕ್ಕೊಂದು ಕ್ಲಾಸು. ಅಲ್ಲಿ ಊರಿಗೆ ಊರೇ ಕ್ಲಾಸು. ಅದನ್ನೂ ಕಳ್ಕೊಂಡರೆ, ಕನ್ನಡ ಅಂದ್ರೆ ಬರೀ ಹೋಂವರ್ಕ್ ಅಂತ ಮಕ್ಕಳು ನಂಬಿಬಿಡುತ್ತಾರೆ.

ಅದಕ್ಕೇ ನನ್ನ ಸಲಹೆ: ಒಂದು ದಿನ ಕಾರು ಬಿಟ್ಟು ಮೆಟ್ರೋ ಹತ್ತಿ. 2011ರಲ್ಲಿ ಶುರುವಾದ ನಮ್ಮ ಮೆಟ್ರೋದಲ್ಲಿ ನಿಲ್ದಾಣದ ಹೆಸರುಗಳು ಕನ್ನಡದಲ್ಲೂ ಇವೆ. ಬೋರ್ಡು ಓದಿ ದಾರಿ ಹೇಳೋ ಕೆಲಸ ಮಕ್ಕಳದ್ದು. ನೇರಳೆ ಮಾರ್ಗದಲ್ಲಿ ಬಂದರೆ ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಿಸಿ, ಲಾಲ್‌ಬಾಗಿನಲ್ಲಿ ಇಳಿಯಿರಿ. ಅಲ್ಲಿನ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು! ಅದರ ಮೇಲೆ ಕೆಂಪೇಗೌಡರ ಹೆಸರಿನ ಗೋಪುರವಿದೆ. ಆಮೇಲೆ ಆಟೋದವರನ್ನು ಮಗುವೇ ಕೇಳಲಿ: "ಅಣ್ಣಾ, ಗಾಂಧಿ ಬಜಾರಿಗೆ ಬರ್ತೀರಾ?" ಅಲ್ಲಿ ಹೂವಿನವರ ಹತ್ತಿರ, "ಅಮ್ಮಾ, ಮಲ್ಲಿಗೆ ಮೊಳಕ್ಕೆ ಎಷ್ಟು?" ಅವರು ಮೊಣಕೈಯಿಂದ ಬೆರಳ ತುದಿವರೆಗೆ ಅಳೆದು ಕೊಡೋದನ್ನು ನೋಡಿದರೆ 'ಮೊಳ' ಅನ್ನೋ ಪದ ಮರೆಯೋದೇ ಇಲ್ಲ.

"ಬೆಂಗಳೂರಲ್ಲಿ ಇಂಗ್ಲಿಷ್ ಸಾಕಲ್ವಾ?" ಅಂತ ಕೇಳುವವರಿದ್ದಾರೆ. ಊರು ಸುತ್ತೋಕೆ ಸಾಕು, ನಿಜ. ಆದರೆ ಅಜ್ಜಿ ತಾವು ಚಿಕ್ಕವರಾಗಿದ್ದಾಗಿನ ಕಥೆ ಹೇಳೋದು ಇಂಗ್ಲಿಷಲ್ಲಲ್ಲ. ಅದನ್ನು ಕೇಳಿಸಿಕೊಳ್ಳೋಕೆ ಮುಂದಿನ ರಜೆವರೆಗೂ ಕಾಯೋದು ಬೇಡ. ಮಕ್ಕಳ ಜೊತೆ ಕನ್ನಡದಲ್ಲೇ ಮಾತಾಡಿ ಅಂತ ನೆಂಟರಿಗೂ ಮೊದಲೇ ಹೇಳಿಡಿ. ಮಗು ಪದ ಹುಡುಕುವಾಗ ಸ್ವಲ್ಪ ಕಾಯಿರಿ. ನಡುವೆ ಬಾಯಿ ಹಾಕಬೇಡಿ.

ಪುಟಾಣಿಗಳೇ, ನಿಮಗೂ ನಾಲ್ಕು ಮಾತು:

• ದೊಡ್ಡವರಿಗೆ 'ನೀನು' ಬೇಡ, 'ನೀವು' ಅನ್ನಿ.

• ಅಲ್ಲಿ ಗಾಡಿಗಳು ರಸ್ತೆಯ ಎಡಗಡೆ ಓಡುತ್ತವೆ. ದಾಟುವಾಗ ಮೊದಲು ಬಲಕ್ಕೆ ನೋಡಿ, ದೊಡ್ಡವರ ಕೈ ಬಿಡಬೇಡಿ.

• ಯಾರಾದರೂ ಇಂಗ್ಲಿಷಲ್ಲಿ ಉತ್ತರಿಸಿದರೆ, "ನಂಗೆ ಕನ್ನಡ ಬರುತ್ತೆ" ಅನ್ನಿ.

• ನಿಮ್ಮ ಉಚ್ಚಾರಣೆಗೆ ಯಾರಾದರೂ ನಕ್ಕರೆ, ನೀವೂ ನಕ್ಕು ಮಾತು ಮುಂದುವರಿಸಿ.

ರಜೆ ಮುಗಿಸಿ ಬಂದಾಗ, ಅಲ್ಲಿ ಕಲಿತ ಐದು ಹೊಸ ಪದ ಬರ್ಕೊಂಡು ಕ್ಲಾಸಿಗೆ ಬನ್ನಿ. ಶುಭ ಪ್ರಯಾಣ!